ಕಕಾರವು ಗಕಾರವಾದ ಬಗೆ

ಮೇಜಿನ ಮೇಲಿನ ಕಾಗದಗಳನ್ನು ಯಾರಾದರೂ ಓರಣವಾಗಿ ಜೋಡಿಸಿಟ್ಟರೆ ಆಮೇಲೆ ಬೇಕಾದದ್ದು ಒಂದೂ ಕೈಗೆ ಸಿಗುವುದಿಲ್ಲವೆಂಬುದು ಬರೆಯುವವರೆಲ್ಲರ ಹಳೆಯ ದೂರು. ನಮ್ಮ ಮನೆಯಲ್ಲಿ ಈ ದೂರಿಗೆ ಗುರಿಯಾಗುವವರು ಸಾಮಾನ್ಯವಾಗಿ ನನ್ನ ಮನೆಯವರು. ಆದರೆ ಈಗ ನಾನು ಹೇಳಹೊರಟಿರುವ ಪ್ರಸಂಗದಲ್ಲಿ ಅವರ ಪಾತ್ರ ಎಳ್ಳಷ್ಟೂ ಇಲ್ಲ. ಓರಣ ಮಾಡಹೋದವನೂ ನಾನೇ, ಕಳೆದುಕೊಂಡವನೂ ನಾನೇ. ತಪ್ಪು ಹೊರಿಸಲು ಮನುಷ್ಯರಾರೂ ಸಿಕ್ಕದಿದ್ದುದರಿಂದ ಅದನ್ನು ಒಂದು ವಾರ ಕಾಲ ನಿರಪರಾಧಿಯಾದ ಒಂದು ಪ್ರೋಗ್ರಾಮಿನ ಮೇಲೆ ಹೊರಿಸಿದ್ದೆ. ಈ ಬರಹ ಆ ಅಪವಾದವನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕಾಗಿ. ಜೊತೆಗೆ, ಬಹುದಿನದ ಶ್ರಮವನ್ನು ಒಂದೇ ಯಂತ್ರದ ಹೊಟ್ಟೆಯಲ್ಲಿಟ್ಟು ನಿಶ್ಚಿಂತರಾಗಿರುವ ನನ್ನಂಥ ಅಧ್ಯಾಪಕರ ನಿದ್ದೆಯನ್ನು ಸ್ವಲ್ಪ ಕೆಡಿಸುವುದಕ್ಕಾಗಿ.

ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದ ವರ್ಷಗಳಲ್ಲಿ ನನ್ನಿಂದ ಆದ ಉಪಯುಕ್ತವಾದ ಕೆಲಸ ಒಂದೇ ಒಂದು. ತಿಪಟೂರು, ಅರಸೀಕೆರೆ ಕಡೆಯ ಹಳ್ಳಿಗಳ ಬೇಸಾಯದ ಮಾತು, ತೆಂಗಿನ ತೋಟದ ಮಾತು, ಅಡಿಗೆಮನೆಯ ಮಾತುಗಳನ್ನು ಕೂಡಿಹಾಕಿದ್ದು. ರಜೆಗೆ ಊರಿಗೆ ಹೊರಟ ವಿದ್ಯಾರ್ಥಿಗಳ ಕೈಗೆ ಖಾಲಿ ಚೀಟಿಗಳ ಕಟ್ಟೊಂದನ್ನು ಕೊಟ್ಟು ಕಳುಹಿಸುತ್ತಿದ್ದೆ. ಪದ, ಅದರ ಅರ್ಥ, ಹೇಳಿದವರ ಊರು ಮತ್ತು ವಯಸ್ಸು: ಇಷ್ಟನ್ನು ಅವರು ಬರೆದು ತರಬೇಕು. ಹೀಗೆ ಬಂದ ಪದಗಳು ಒಂಬತ್ತು ಸಾವಿರಕ್ಕೆ ಮಿಕ್ಕಿದವು. ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿದೆ. ನೇಗಿಲು, ಕುಂಟೆ, ಕೂರಿಗೆಗಳ ಚಿತ್ರಗಳು, ಬೀಸುವ ಕಲ್ಲಿನ ಪದ ಹಾಡಿದ ಮುದುಕಿಯರ ದನಿ, ಎಲ್ಲವೂ ಅದರೊಳಗೇ ಸೇರಿತು. ಆ ಮುದುಕಿಯರಲ್ಲಿ ಅನೇಕರು ಈಗ ಇಲ್ಲ.

ಯಂತ್ರದೊಳಗೆ ಎರಡು ಹಾರ್ಡ್ ಡಿಸ್ಕುಗಳಿದ್ದವು. ಒಂದು ಹಳೆಯದು, ಇನ್ನೊಂದು ನಡುವಯಸ್ಸಿನದು. ಕೆಲವು ತಿಂಗಳಿಂದ ಅದರ ನಡತೆ ಸರಿಯಿರಲಿಲ್ಲ. ಕರೆದರೆ ಓಗೊಡಲು ತಡ. ಎರಡು ಸಲ ಇದ್ದಕ್ಕಿದ್ದಂತೆ ನೀಲಿ ಪರದೆಯನ್ನು ತೋರಿಸಿ ನಿಂತುಬಿಟ್ಟಿತು. ನಾನು ವಿದ್ಯುತ್ತಿನ ಏರಿಳಿತವನ್ನು ಬೈದು ಸುಮ್ಮನಾದೆ. ಕಡೆಗೆ ಒಂದು ಭಾನುವಾರ, ಮನೆಯವರು ತವರಿಗೆ ಹೋಗಿದ್ದಾಗ, ಡಿಸ್ಕುಗಳನ್ನು ಡಿಫ್ರ್ಯಾಗ್ ಮಾಡಿಬಿಡೋಣವೆಂಬ ಬುದ್ಧಿ ಹುಟ್ಟಿತು.

ಇದೇನೆಂದು ತಿಳಿಯದ ಓದುಗರಿಗೆ ಎರಡು ಮಾತು ಹೇಳಬೇಕು. ಒಂದು ಪುಸ್ತಕಭಂಡಾರದಲ್ಲಿ ಪುಸ್ತಕವನ್ನು ಇಡಿಯಾಗಿ ಇಡಲು ಒಂದೆಡೆ ಜಾಗವಿಲ್ಲದಿದ್ದರೆ ಅದನ್ನು ಅಧ್ಯಾಯ ಅಧ್ಯಾಯವಾಗಿ ಬಿಚ್ಚಿ ಖಾಲಿ ಇರುವ ಕಡೆಗಳಲ್ಲೆಲ್ಲ ಇಟ್ಟು, ಯಾವುದು ಎಲ್ಲಿದೆಯೆಂದು ಒಂದು ಪಟ್ಟಿಯಲ್ಲಿ ಬರೆದಿಡುವ ಭಂಡಾರಿಯನ್ನು ಊಹಿಸಿಕೊಳ್ಳಿ. ಡಿಸ್ಕು ಮಾಡುವುದು ಇದನ್ನೇ. ನಿಮಿಷಕ್ಕೆ 7,200 ಸಲ ತಿರುಗುವ ತಟ್ಟೆಯ ಮೇಲೆ ಓದುವ ತಲೆ ಅತ್ತಿಂದಿತ್ತ ಹಾರಾಡಿ ತುಂಡುಗಳನ್ನು ಹುಡುಕಬೇಕು. ತಟ್ಟೆ ಒಂದು ಸುತ್ತು ಬರಲು ಎಂಟು ಮಿಲಿಸೆಕೆಂಡಿಗೂ ಹೆಚ್ಚು ಹೊತ್ತು ಬೇಕು. ತುಂಡು ಹೆಚ್ಚಿದಷ್ಟೂ ತಡ. ಡಿಫ್ರ್ಯಾಗ್ ಎಂಬುದು ಚದುರಿದ ಅಧ್ಯಾಯಗಳನ್ನು ಮತ್ತೆ ಸಾಲಾಗಿ ಜೋಡಿಸುವ ಕೆಲಸ. 1993ರಲ್ಲಿ ಬಂದ ಡಾಸ್ 6ರ ಜೊತೆಗೇ ಇಂಥದೊಂದು ಪ್ರೋಗ್ರಾಮು ಇತ್ತು. ಪರದೆಯ ಮೇಲೆ ಚೌಕಗಳು ಒಂದೊಂದಾಗಿ ಸ್ಥಾನ ಬದಲಿಸುತ್ತ ಸಾಲುಗೂಡುವುದನ್ನು ನೋಡುತ್ತ ಕುಳಿತ ಗಂಟೆಗಳಿಗೆ ನನ್ನಲ್ಲಿ ಲೆಕ್ಕವಿಲ್ಲ. ಅದೊಂದು ಬಗೆಯ ಧ್ಯಾನವೇ ಆಗಿತ್ತು. ಈಗಿನ ವಿಂಡೋಸು ಹಾರ್ಡ್ ಡಿಸ್ಕುಗಳ ಮಟ್ಟಿಗೆ ಈ ಕೆಲಸವನ್ನು ವಾರಕ್ಕೊಮ್ಮೆ ತಾನೇ ಸದ್ದಿಲ್ಲದೆ ಮಾಡಿಕೊಳ್ಳುತ್ತದೆ. ಆದ್ದರಿಂದ ನಾನು ಕೈಹಾಕುವ ಅಗತ್ಯವೇ ಇರಲಿಲ್ಲ. ಆದರೂ ಹಾಕಿದೆ. ಹಾಕಿದ್ದಷ್ಟೇ ಅಲ್ಲ, ಖಾಲಿ ಜಾಗವನ್ನೂ ಒಂದೆಡೆಗೆ ಕೂಡಿಸೆಂದು ಅಪ್ಪಣೆ ಮಾಡಿದೆ. ಎಂದರೆ, ವರ್ಷಗಟ್ಟಲೆ ಅಲುಗದೆ ಮಲಗಿದ್ದ ಕಡತಗಳನ್ನೂ ಎಬ್ಬಿಸಿ ಹೊರಡಿಸಿದೆ.

ರಾತ್ರಿಯ ಹೊತ್ತಿಗೆ ಕೆಲಸ ಮುಗಿಯಿತು. ಮರುದಿನ ಬೆಳಿಗ್ಗೆ ಕೂರಿಗೆಯ ಚಿತ್ರವೊಂದನ್ನು ತೆರೆದರೆ ಮೇಲರ್ಧ ಕೂರಿಗೆ, ಕೆಳಗರ್ಧ ಬೂದುಬಣ್ಣ. ಇನ್ನೊಂದರಲ್ಲಿ ಬಣ್ಣಗಳೆಲ್ಲ ಅದಲುಬದಲಾಗಿ ಎತ್ತು ನೇರಳೆಯಾಗಿತ್ತು. ಒತ್ತಿ ಕಟ್ಟಿಟ್ಟಿದ್ದ ಜಿಪ್ ಕಡತವೊಂದು ಬಾಯಿಯನ್ನೇ ಬಿಡಲಿಲ್ಲ. ಬೀಸುವ ಪದದ ನಡುವೆ ಚರ್ರೆಂಬ ಸದ್ದು. ಎರಡು ಡಿಸ್ಕುಗಳಲ್ಲಿಯೂ ಇದೇ ಅವಸ್ಥೆ. ಡಿಫ್ರ್ಯಾಗ್ ಮಾಡುವ ಮುನ್ನ ಎಲ್ಲವೂ ಸರಿಯಿತ್ತು, ಮಾಡಿದ ಮೇಲೆ ಕೆಟ್ಟಿತು. ಆದ್ದರಿಂದ ಕೆಡಿಸಿದ್ದು ಡಿಫ್ರ್ಯಾಗೇ. ಇಂಥ ತರ್ಕವನ್ನು ವಿದ್ಯಾರ್ಥಿಯೊಬ್ಬ ಉತ್ತರಪತ್ರಿಕೆಯಲ್ಲಿ ಬರೆದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ. ನನ್ನ ಸ್ವಂತದ್ದಾದ್ದರಿಂದ ಅಕಾಟ್ಯವೆಂದು ತೋರಿತು.

ಬೆಂಗಳೂರಿನಲ್ಲಿ ಇಂಥ ಯಂತ್ರಗಳ ನಡುವೆಯೇ ಬದುಕುವ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನು ಮಾಡಿದೆ.

"ಸಾರ್, ಮೊದಲು ಯಂತ್ರ ಆರಿಸಿ. ನಾನು ಬರುವ ತನಕ ಒಂದಕ್ಷರವನ್ನೂ ಅದರಲ್ಲಿ ಬರೆಯಬೇಡಿ" ಎಂದ.

"ಎಲ್ಲದರದ್ದೂ ಹೊಸದಾಗಿ ಒಂದು ಪ್ರತಿ ತೆಗೆದಿಡೋಣವೆಂದಿದ್ದೆನಪ್ಪ."

"ಯಾವುದರ ಮೇಲೆ ಸಾರ್?"

"ನಾಲ್ಕು ವರ್ಷದ ಕೆಳಗೆ ತೆಗೆದ ಪ್ರತಿಯಿದೆಯಲ್ಲ, ಆ ಹೊರಗಿನ ಡಿಸ್ಕಿನ ಮೇಲೆಯೇ. ಹಳೆಯದನ್ನು ಅಳಿಸಿ."

ಅವನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಸದ್ಯ, ಇನ್ನೂ ಮಾಡಿಲ್ಲವಲ್ಲ. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಸಾರ್" ಎಂದ. ಕೆಟ್ಟುಹೋದದ್ದನ್ನು ನೆಟ್ಟಗಿರುವುದರ ಮೇಲೆ ಬರೆಯಹೊರಟಿದ್ದೆನೆಂಬುದು ನನಗೆ ಹೊಳೆದದ್ದು ಆಗ.

ಶನಿವಾರ ಬಂದ. ನಾನು ಅವನಿಗೆ ಕಲಿಸಿದ್ದು ಹಳಗನ್ನಡ; ಅವನು ಆ ಎರಡು ದಿನ ನನಗೆ ಕಲಿಸಿದ್ದು ರೋಗನಿದಾನ. ನನ್ನ ಯಂತ್ರದಲ್ಲಿರುವ ಯಾವುದನ್ನೂ ಅವನು ನಂಬಲಿಲ್ಲ. ತಾನು ತಂದಿದ್ದ ಬೇರೊಂದು ಕಂಪ್ಯೂಟರಿಗೆ ಡಿಸ್ಕುಗಳೆರಡನ್ನೂ ಸಿಕ್ಕಿಸಿ, ಇದ್ದದ್ದನ್ನು ಇದ್ದ ಹಾಗೆಯೇ, ಖಾಲಿ ಜಾಗವೂ ಸೇರಿದಂತೆ, ಹೊಸ ಡಿಸ್ಕೊಂದಕ್ಕೆ ನಕಲು ಮಾಡಿದ. ಮುಂದಿನ ಪ್ರಯೋಗಗಳೆಲ್ಲ ನಕಲಿನ ಮೇಲೆ. ಚೆಕ್‌ಡಿಸ್ಕ್ ಎಂಬ ದುರಸ್ತಿ ಪ್ರೋಗ್ರಾಮನ್ನು ಓಡಿಸಬಾರದೇ ಎಂದು ಕೇಳಿದೆ. ಅದು ಮೊದಲು ಮಾಡುವ ಕೆಲಸವಲ್ಲವೆಂದ. ಅದು ಸರಿಪಡಿಸುವುದು ಭಂಡಾರದ ಪಟ್ಟಿಯನ್ನು. ಪಟ್ಟಿಗೆ ಹೊಂದಿಕೊಳ್ಳದ ಹಾಳೆಗಳನ್ನು ಅದು ಹೆಸರಿಲ್ಲದ ತುಂಡುಗಳಾಗಿ ಒಂದು ಮೂಲೆಗೆ ಗುಡಿಸಿಬಿಡುವುದೂ ಉಂಟು. ಏನನ್ನೂ ತಿದ್ದದೆ ನೋಡಿ ಮಾತ್ರ ಹೇಳೆಂದು ನಕಲಿನ ಮೇಲೆ ಓಡಿಸಿದಾಗ ಅದು ದೋಷವೇನೂ ಇಲ್ಲವೆಂದಿತು. ಪಟ್ಟಿ ನೆಟ್ಟಗಿದೆ, ಹುಳು ಹೊಕ್ಕಿರುವುದು ಪುಸ್ತಕದೊಳಗೆ.

ಬಳಿಕ ಡಿಸ್ಕುಗಳನ್ನೇ ವಿಚಾರಿಸಿದ. ಹಾರ್ಡ್ ಡಿಸ್ಕು ತನ್ನ ಆರೋಗ್ಯದ ದಿನಚರಿಯೊಂದನ್ನು ತಾನೇ ಬರೆದಿಟ್ಟುಕೊಂಡಿರುತ್ತದೆ. ಅದಕ್ಕೆ ಸ್ಮಾರ್ಟ್ ಎಂದು ಹೆಸರು. ಎಷ್ಟು ಭಾಗ ಕೆಟ್ಟು ಬೇರೆಡೆಗೆ ಬದಲಿಸಬೇಕಾಯಿತು, ಓದಲಾರದೆ ಉಳಿದವು ಎಷ್ಟು, ತಂತಿಯ ದಾರಿಯಲ್ಲಿ ಎಷ್ಟು ಸಲ ತಪ್ಪಾಯಿತು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಎರಡರಲ್ಲಿಯೂ ಎಲ್ಲ ಲೆಕ್ಕವೂ ಸೊನ್ನೆ. ಆಗ ಅವನು ಹೇಳಿದ ಮಾತು ನನಗೆ ಬಹಳ ಹಿಡಿಸಿತು: "ಬೇರೆ ಬೇರೆ ಕಾಲದಲ್ಲಿ ಕೊಂಡ, ಬೇರೆ ಬೇರೆ ಕಂಪನಿಯ ಎರಡು ಡಿಸ್ಕುಗಳು ಒಂದೇ ಸಂಜೆ ಕೆಡುವುದುಂಟೇ ಸಾರ್? ಇಬ್ಬರಿಗೂ ಒಂದೇ ದಿನ ಹೊಟ್ಟೆ ಕೆಟ್ಟರೆ ಇಬ್ಬರೂ ಉಂಡ ಮನೆಯನ್ನು ನೋಡಬೇಕು." ಎರಡಕ್ಕೂ ಸಮಾನವಾಗಿದ್ದದ್ದು ಮೆಮೊರಿ. ಡಿಸ್ಕಿನಿಂದ ಎತ್ತಿದ ತುಂಡು ಹೊಸ ಜಾಗವನ್ನು ಸೇರುವ ಮುನ್ನ ಕ್ಷಣಕಾಲ ತಂಗುವ ಛತ್ರ ಅದು. ರಾತ್ರಿ ಮೆಮ್‌ಟೆಸ್ಟ್ ಎಂಬ ಪರೀಕ್ಷೆಯನ್ನು ಓಡಲು ಬಿಟ್ಟು ಮಲಗಿದೆವು. ಬೆಳಿಗ್ಗೆ ಎದ್ದು ನೋಡಿದರೆ ಪರದೆಯ ತುಂಬ ಕೆಂಪು ಸಾಲುಗಳು. ಇದ್ದ ಎರಡು ಮೆಮೊರಿ ಪಟ್ಟಿಗಳನ್ನು ಒಂದೊಂದಾಗಿ ಹಾಕಿ ತೆಗೆದು ನೋಡಿದ್ದಾಯಿತು. ಒಂದು ಶುದ್ಧ, ಇನ್ನೊಂದು ರೋಗಿ. ಆ ರೋಗಿಯೊಳಗೆ ಹಲವು ಕೋಣೆಗಳಲ್ಲಿ ಒಂದೇ ಒಂದು ಸ್ಥಾನ ಕೆಲವೊಮ್ಮೆ ಸೊನ್ನೆಯನ್ನು ಹಿಡಿದಿಡಲಾರದೆ ಒಂದಾಗಿಬಿಡುತ್ತಿತ್ತು. ನೀಲಿ ಪರದೆಯ ಗುಟ್ಟೂ ಅದೇ. ವಿದ್ಯುತ್ ಇಲಾಖೆಯ ಕ್ಷಮೆಯನ್ನು ನಾನು ಇಲ್ಲಿಯೇ ಬೇಡುತ್ತೇನೆ.

ಹೀಗಾದ ಮೇಲೆ ಡಿಫ್ರ್ಯಾಗ್ ಪ್ರೋಗ್ರಾಮಿನ ತಪ್ಪೇನು? ವಿಂಡೋಸಿನಲ್ಲಿ ಅದು ತುಂಡನ್ನು ಹೊಸ ಜಾಗದಲ್ಲಿ ಬರೆದ ಮೇಲೆಯೇ ಪಟ್ಟಿಯನ್ನು ತಿದ್ದಿಸುತ್ತದೆ. ಆ ತಿದ್ದುಪಡಿಯೂ ದಾಖಲೆಯಾಗುತ್ತದೆ. ನಡುವೆ ದೀಪ ಹೋದರೂ ಹಳೆಯದು ಹಾಳಾಗದಂತೆ ಏರ್ಪಾಡಿದೆ. ಡಿಸ್ಕಿಗಾದರೋ, ತಾನು ಬರೆದುಕೊಂಡದ್ದು ಕೆಟ್ಟರೆ ಕಂಡುಹಿಡಿಯುವ ಶಕ್ತಿಯುಂಟು. ತನಗೆ ಕೊಟ್ಟದ್ದೇ ಕೆಟ್ಟದ್ದಾಗಿದ್ದರೆ ಅದು ಏನು ಮಾಡೀತು? ಪ್ರಾಮಾಣಿಕ ಗುಮಾಸ್ತನಂತೆ ತಪ್ಪನ್ನು ತಪ್ಪಿಲ್ಲದೆ ಬರೆದಿಟ್ಟುಕೊಂಡಿತು. ನನ್ನ ಆಕ್ಷೇಪಣೆ ಇರುವುದು ಪ್ರೋಗ್ರಾಮಿನ ಮೇಲಲ್ಲ, ಅದನ್ನು ನಾವು ಕರೆಯುವ ಹೊತ್ತಿನ ಮೇಲೆ. ಯಂತ್ರ ನೆಟ್ಟಗಿರುವಾಗ ಯಾರೂ ಡಿಫ್ರ್ಯಾಗನ್ನು ನೆನೆಯುವುದಿಲ್ಲ. ಅದು ಮುಗ್ಗರಿಸತೊಡಗಿದಾಗ, ನಿಂತುನಿಂತು ನಡೆಯುವಾಗ, ಎಂದರೆ ಅದಕ್ಕೆ ಕಾಯಿಲೆಯಿರುವಾಗಲೇ, ನಮಗೆ ಓರಣದ ಹುಚ್ಚು ಹಿಡಿಯುತ್ತದೆ. ಒಂದೊಂದು ಕಡತವನ್ನೂ ಆ ಕಾಯಿಲೆಯ ಕೈಯಿಂದಲೇ ಎತ್ತಿಸಿ ಇಡಿಸುತ್ತೇವೆ. ಜ್ವರದಿಂದ ಕೈ ನಡುಗುವವನಿಗೆ ಮನೆಯ ಪಿಂಗಾಣಿಯನ್ನೆಲ್ಲ ಅಟ್ಟದ ಮೇಲೆ ಸಾಗಿಸೆಂದ ಹಾಗೆ. ಡಿಸ್ಕೇ ಸವೆದಿದ್ದರೆ ಈ ಎತ್ತಿಡುವ ದುಡಿಮೆ ಅದರ ಪ್ರಾಣವನ್ನೇ ತೆಗೆದೀತು. ಇನ್ನು ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿಗಳಿಗೆ ಈ ಸೇವೆಯಿಂದ ಸವೆತವಲ್ಲದೆ ಬೇರೆ ಲಾಭವೇನೂ ಇಲ್ಲ. ಅದನ್ನು ಬೆಳೆಸುವುದು ಬೇಡ.

ಇಷ್ಟೇ ಆಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ನಿಜವಾದ ಸಂಕಟ ಆಮೇಲೆ ಬಂತು.

ನಡುವೆ ಒಂದು ಹಾಸ್ಯವೂ ಆಯಿತೆನ್ನಿ. ಅವನ ಕಂಪ್ಯೂಟರಿನಲ್ಲಿ ನನ್ನ ಹಳೆಯ ಲೇಖನಗಳನ್ನು ತೆರೆದಾಗ ಹನ್ನೊಂದು ಕಡತಗಳಲ್ಲಿ ಕನ್ನಡದ ಒಂದಕ್ಷರವೂ ಇಲ್ಲ. ಸೊಟ್ಟಪಟ್ಟ ರೋಮನ್ ಅಕ್ಷರಗಳ ರಾಶಿ. ನನಗೆ ಕಣ್ಣು ಕತ್ತಲೆ ಬಂದಿತು. ಅವನು ನಕ್ಕು, ಹಳೆಯ ನುಡಿಯ ಅಕ್ಷರರೂಪವನ್ನು ತಂದು ಹಾಕಿದ ಕೂಡಲೇ ಎಲ್ಲವೂ ಎದ್ದು ನಿಂತವು. ಯೂನಿಕೋಡಿಗೆ ಬದಲಾಗುವ ಮುನ್ನ ನಾವು ಬರೆದದ್ದೆಲ್ಲ ರೋಮನ್ ಅಕ್ಷರದ ಅಂಕೆಗಳಿಗೆ ಕನ್ನಡದ ವೇಷ ತೊಡಿಸಿದ್ದಷ್ಟೇ. ವೇಷ ಕಳಚಿದರೆ ಒಳಗಿನದು ಕಾಣುತ್ತದೆ. ಕೆಟ್ಟಂತೆ ಕಂಡದ್ದು ಕೆಟ್ಟಿರಲಿಲ್ಲ.

ಕೆಟ್ಟಿದ್ದದ್ದು, ಕೆಟ್ಟಂತೆ ಕಾಣದೆ ಇದ್ದದ್ದು. ಬೀರುವಿನಿಂದ ನಾಲ್ಕು ವರ್ಷದ ಹಳೆಯ ಪ್ರತಿ ಹೊರಬಂತು. ಡಿಫ್ರ್ಯಾಗ್ ಮಾಡಿದರೆ ಕಡತದ ತಾರೀಖಾಗಲಿ ಗಾತ್ರವಾಗಲಿ ಬದಲಾಗುವುದಿಲ್ಲ. ಆದ್ದರಿಂದ ತಾರೀಖೂ ಗಾತ್ರವೂ ಒಂದೇ ಆಗಿದ್ದು ಒಳಗಿನ ಬರಹ ಮಾತ್ರ ಬೇರೆಯಾಗಿದ್ದರೆ ಅದು ರೋಗ ತಗುಲಿದ ಕಡತವೇ ಸರಿ. ಹೀಗೆ ಹೋಲಿಸುತ್ತ ಹೋದಾಗ ಸಿಕ್ಕ ಕಡತಗಳು 114. ಚಿತ್ರಗಳು, ದನಿಗಳು ಇದ್ದದ್ದು ಸರಿಯೇ. ಆದರೆ ಅವುಗಳ ನಡುವೆ ನನ್ನ ಪದಕೋಶದ ಕಡತಗಳೂ ಇದ್ದವು. ಅವು ತೆರೆಯುತ್ತಿದ್ದವು, ಓದಲು ಬರುತ್ತಿದ್ದವು. ನಾನೇ ಹಿಂದಿನ ದಿನ ಅವನ್ನು ನೋಡಿ ಸದ್ಯ ಇವಾದರೂ ಉಳಿದವೆಂದು ನಿಟ್ಟುಸಿರು ಬಿಟ್ಟಿದ್ದೆ.

ಯೂನಿಕೋಡಿನಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಒಂದು ಅಂಕೆಯಿದೆ. ಕಕಾರಕ್ಕೆ 3221, ಗಕಾರ ಅದೇ ವರ್ಗದ ಮೂರನೆಯದಾದ್ದರಿಂದ 3223. ತಕಾರಕ್ಕೆ 3236, ದಕಾರಕ್ಕೆ 3238. ಯಂತ್ರ ಎಲ್ಲವನ್ನೂ ಸೊನ್ನೆ-ಒಂದುಗಳಲ್ಲಿ ಬರೆಯುವಾಗ ಎರಡರ ಸ್ಥಾನವೆಂಬುದೊಂದಿರುತ್ತದೆ. ನನ್ನ ಮೆಮೊರಿಯಲ್ಲಿ ಕೆಟ್ಟಿದ್ದದ್ದು ಆ ಸ್ಥಾನ. ಅಲ್ಲಿ ಸೊನ್ನೆಯಿದ್ದರೆ ಅದು ಒಂದಾಗುತ್ತದೆ, ಅಂಕೆಗೆ ಎರಡು ಕೂಡುತ್ತದೆ, ಕಕಾರ ಗಕಾರವಾಗುತ್ತದೆ, ತಕಾರ ದಕಾರವಾಗುತ್ತದೆ! ಕತಪಗಳಿಗೆ ಗದಬಗಳು ಆದೇಶವಾಗಿ ಬರುವುದನ್ನು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದವನು ನಾನು. ಸಂಧಿಕಾರ್ಯವನ್ನು ಒಂದು ತುಂಡು ಸಿಲಿಕಾನು ಮಾಡೀತೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ. ಪಕಾರವನ್ನು ಮಾತ್ರ ಅದು ಮುಟ್ಟಿರಲಿಲ್ಲ. ಪಕಾರದ ಅಂಕೆ 3242. ಅದರಲ್ಲಿ ಎರಡರ ಸ್ಥಾನ ಮೊದಲೇ ತುಂಬಿರುವುದರಿಂದ ಕೂಡಲು ಎಡೆಯಿಲ್ಲ. ಅದೇ ಲೆಕ್ಕದಲ್ಲಿ ರಕಾರ ಲಕಾರವಾಗುತ್ತದೆ. ರಲಗಳಿಗೆ ಭೇದವಿಲ್ಲವೆಂದ ಸಂಸ್ಕೃತ ವೈಯಾಕರಣರಿಗೆ ಇದು ಸಮ್ಮತವಾದೀತು. ಒಂದು ಹಳ್ಳಿಯ ಪಟ್ಟಿಯಲ್ಲಿ ತೊರೆಯು ತೊಲೆಯಾಗಿತ್ತು. ಇನ್ನೊಂದರಲ್ಲಿ ದೀರ್ಘದ ಗುಣಿತವೊಂದು ಕೆಟ್ಟು ಕೀಲಿಯು ಕೂಲಿಯಾಗಿತ್ತು. ಕನ್ನಡದ ಚಿಹ್ನೆಯೊಂದನ್ನು ಕಡತದಲ್ಲಿ ಮೂರು ಬೈಟುಗಳಾಗಿ ಬರೆಯುತ್ತಾರೆ. ತಪ್ಪು ಮೊದಲನೆಯ ಬೈಟಿನಲ್ಲಿ ಬಿದ್ದ ಕಡೆ ಕನ್ನಡದ ಅಕ್ಷರ ಈಜಿಪ್ಟಿನ ಕಾಪ್ಟಿಕ್ ಲಿಪಿಯ ಅಕ್ಷರವಾಗಿ ನಿಂತಿತ್ತು. ಈಜಿಪ್ಟಿನ ಮರಳಿನಲ್ಲಿ ದೊರೆತ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡವಿದೆಯೆಂದು ಶಾಮಾಶಾಸ್ತ್ರಿಗಳೂ ಗೋವಿಂದ ಪೈಗಳೂ ವಾದಿಸಿದ್ದುಂಟು. ಕನ್ನಡದೊಳಗೆ ಈಜಿಪ್ಟನ್ನು ಕಂಡವನು ಬಹುಶಃ ನಾನೊಬ್ಬನೇ.

ನಗೆಯ ಮಾತು ಹಾಗಿರಲಿ. ಬೇರೆ ಬರಹದಲ್ಲಾದರೆ ಕಕಾರ ಗಕಾರವಾದದ್ದನ್ನು ಓದುಗ ಅಚ್ಚಿನ ತಪ್ಪೆಂದು ತಿದ್ದಿಕೊಂಡು ಮುಂದೆ ಹೋಗುತ್ತಾನೆ. ಆಡುನುಡಿಯ ಪದಕೋಶದಲ್ಲಿ ಆ ಒಂದು ಅಕ್ಷರವೇ ಸರ್ವಸ್ವ. ಒಂದೂರಿನವರು ಕುಳಿ ಎನ್ನುತ್ತಾರೆ, ಪಕ್ಕದೂರಿನವರು ಗುಳಿ ಎನ್ನುತ್ತಾರೆ; ಎರಡೂ ಸರಿ, ಎರಡೂ ಬೇಕು. ಯಾವ ಊರಿನದು ಯಾವುದೆಂದು ಗುರುತಿಸುವುದಕ್ಕಾಗಿಯೇ ಚೀಟಿ ಬರೆಸಿದ್ದು. ಈಗ ಗುಳಿ ಎಂದಿದ್ದರೆ ಅದನ್ನು ಹೇಳಿದವರು ಊರಿನವರೋ ನನ್ನ ಮೆಮೊರಿ ಪಟ್ಟಿಯೋ? ಅರ್ಧ ಬೂದುಬಣ್ಣವಾದ ಕೂರಿಗೆಯ ಚಿತ್ರ ಪ್ರಾಮಾಣಿಕವಾದದ್ದು. ತಾನು ಕೆಟ್ಟಿದ್ದೇನೆಂದು ಬಾಯಿಬಿಟ್ಟು ಹೇಳುತ್ತದೆ. ಹೇಳದೆ ಕುಳಿತ ತಪ್ಪು ಪುಸ್ತಕವಾಗಿ ಅಚ್ಚಾಗಿ, ಮುಂದಿನ ಸಂಶೋಧಕನ ಅಡಿಟಿಪ್ಪಣಿಯಲ್ಲಿ ಪ್ರಮಾಣವಾಗಿ ಕೂರುತ್ತದೆ.

ನಮ್ಮ ಪ್ರಾಚೀನ ಕವಿಗಳು ಈ ವಿಷಯದಲ್ಲಿ ನಮಗಿಂತ ಭದ್ರರಾಗಿದ್ದರೆನ್ನಿಸುತ್ತದೆ. ಕಂದಪದ್ಯದ ಪ್ರತಿಯೊಂದು ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬ ಪ್ರಾಸನಿಯಮವನ್ನು ಹೊಸಗನ್ನಡದವರು ಸಂಕೋಲೆಯೆಂದು ಕಳಚಿ ಬಿಸುಟರು. ಕವಿತೆಗೆ ಅದು ಒಳ್ಳೆಯದೇ ಆಯಿತು. ಆದರೆ ಲಿಪಿಕಾರ ಆ ಸ್ಥಾನದಲ್ಲಿ ತಪ್ಪಿದರೆ ಉಳಿದ ಮೂರು ಪಾದಗಳು ಕೂಗಿ ಹೇಳುತ್ತಿದ್ದವು. ಸಂಪಾದಕನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಕಂಪ್ಯೂಟರಿನವರು ಚೆಕ್‌ಸಮ್ ಎನ್ನುವುದು ಗದ್ಯಕ್ಕೆ ಕಟ್ಟಿದ ಇಂಥದೇ ಪ್ರಾಸ. ಕಡತದ ಎಲ್ಲ ಅಕ್ಷರಗಳನ್ನೂ ಲೆಕ್ಕಕ್ಕೆ ಹಿಡಿದು 64 ಅಂಕಾಕ್ಷರಗಳ ಒಂದು ಮುದ್ರೆಯನ್ನು ತೆಗೆದಿಟ್ಟರೆ, ಮುಂದೆ ಒಂದು ಬಿಂದು ಬದಲಾದರೂ ಮುದ್ರೆ ಬೇರೆಯಾಗುತ್ತದೆ. ವಿಂಡೋಸಿನೊಳಗೇ ಇದಕ್ಕೆ ಸರ್ಟ್‌ಯುಟಿಲ್ ಎಂಬ ಸಾಧನವಿದೆ, ಕಾಸೂ ಬೇಡ. ಮೆಮೊರಿಯ ಒಂದು ಬಿಂದುವಿನ ತಪ್ಪನ್ನು ತಾನೇ ತಿದ್ದಿಕೊಳ್ಳುವ ವಿದ್ಯೆಯೂ ಹೊಸದಲ್ಲ. ಬೆಲ್ ಪ್ರಯೋಗಾಲಯದ ಹ್ಯಾಮಿಂಗ್ ಎಂಬ ಗಣಿತಜ್ಞ 1950ರಲ್ಲಿಯೇ ಅದರ ಸೂತ್ರವನ್ನು ಪ್ರಕಟಿಸಿದ. ದೊಡ್ಡ ಸಂಸ್ಥೆಗಳ ಸರ್ವರುಗಳಲ್ಲಿ ಅಂಥ ಮೆಮೊರಿ ಇರುತ್ತದೆ. ಮನೆಯ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಬಡ ಮೇಷ್ಟರ ಅಕ್ಷರಕ್ಕೆ ಕಾವಲೇಕೆಂದು ತಯಾರಕರು ಭಾವಿಸಿರಬೇಕು.

ಇಷ್ಟೆಲ್ಲ ತಂತ್ರವಿದ್ದರೂ, ತಪ್ಪನ್ನು ತೋರಿಸುವುದು ಬೇರೆ, ಸರಿಯಾದದ್ದನ್ನು ಮರಳಿ ಕೊಡುವುದು ಬೇರೆ. ಕೊಡಬಲ್ಲದ್ದು ಇನ್ನೊಂದು ಪ್ರತಿ ಮಾತ್ರ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ನಾವು ದಾನದ ನಿದರ್ಶನವಾಗಿ ಪಾಠ ಹೇಳುತ್ತೇವೆ. ನಾನೂ ಹಾಗೆಯೇ ಹೇಳಿದೆ. ಆಕೆ ಗ್ರಂಥವನ್ನು ಪೆಟ್ಟಿಗೆಯಲ್ಲಿ ಅಂದವಾಗಿ ಜೋಡಿಸಿಡಲಿಲ್ಲ, ಊರೂರಿಗೆ ಕೊಟ್ಟಳು ಎಂಬ ಅಂಶ ನನ್ನ ಕಣ್ಣಿಗೆ ಬಿದ್ದದ್ದು ಈ ವರ್ಷ. ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳಲ್ಲಿ, ನಿವೃತ್ತ ಅಧ್ಯಾಪಕರ ಮನೆಗಳಲ್ಲಿ ಜಾನಪದವೂ ಶಾಸನದ ಪಡಿಯಚ್ಚೂ ಊರ ಚರಿತ್ರೆಯೂ ಒಂದೊಂದೇ ಕಂಪ್ಯೂಟರಿನಲ್ಲಿ ಕುಳಿತಿವೆ. ಪ್ರಕಟವಾಗುವ ಮುನ್ನ ಯಾರಿಗೂ ಕೊಡಬಾರದೆಂಬ ಒಂದು ಲೋಭ ನಮ್ಮಲ್ಲಿದೆ. ನನ್ನಲ್ಲೂ ಇತ್ತು, ಸುಳ್ಳೇಕೆ ಹೇಳಲಿ? ಮೂರು ವರ್ಷದ ಕೆಳಗೆ ಮೈಸೂರಿನ ಮಿತ್ರರೊಬ್ಬರು ನನ್ನ ಪದಕೋಶದ ಪ್ರತಿಯನ್ನು ಕೇಳಿದ್ದರು. ಅಚ್ಚಾಗಲಿ, ಕೊಡುತ್ತೇನೆಂದು ಜಾರಿಕೊಂಡೆ. ಅಂದು ಕೊಟ್ಟಿದ್ದರೆ ಇಂದು ಅವರ ಬಾಗಿಲಿಗೆ ಹೋಗಿ ನನ್ನದನ್ನು ನಾನೇ ಬೇಡಿ ತರುತ್ತಿದ್ದೆ.

ಹಳೆಯ ಪ್ರತಿಯಲ್ಲಿದ್ದುದೆಲ್ಲ ಮರಳಿ ಬಂತು. ಆಮೇಲಿನ ನಾಲ್ಕು ವರ್ಷದ ಸಂಗ್ರಹ ಸುಮಾರು 1,300 ಪದ. ಅದಕ್ಕೆ ಎರಡನೆಯ ಪ್ರತಿಯಿಲ್ಲ. ಇದ್ದದ್ದು ಅಟ್ಟದ ಮೇಲಿನ ಟ್ರಂಕಿನಲ್ಲಿ ಮೂಲ ಚೀಟಿಗಳು. ಮನೆಯವರು ಅವನ್ನು ರದ್ದಿಗೆ ಹಾಕಬೇಕೆಂದು ಎರಡು ಸಲ ಕೆಳಗಿಳಿಸಿ, ಹೇಗೋ ಮತ್ತೆ ಮೇಲಿಟ್ಟಿದ್ದರು. ಅವರು ಚೀಟಿ ಓದುವುದು, ನಾನು ಪರದೆ ನೋಡುವುದು. ಹೀಗೆ ದಿನವೂ ಸಂಜೆ ಕುಳಿತು ಒಂದೂವರೆ ತಿಂಗಳಲ್ಲಿ ಮುಗಿಸಿದೆವು. ಒಂಬತ್ತು ತಪ್ಪುಗಳು ಸಿಕ್ಕಿದವು. ಈಗ ಪ್ರತಿಯೊಂದು ಹೊರಗಿನ ಡಿಸ್ಕಿನಲ್ಲಿದೆ, ಒಂದು ಬೆಂಗಳೂರಿನಲ್ಲಿದೆ, ಒಂದನ್ನು ಮೈಸೂರಿನವರಿಗೆ ಮುದ್ರೆಗಳ ಪಟ್ಟಿಯ ಸಹಿತ ಅಂಚೆಯಲ್ಲಿ ಕಳುಹಿಸಿದ್ದೇನೆ. ಅವರು ತಡವಾಯಿತೆಂದು ಒಂದು ಮಾತನ್ನೂ ಬರೆಯಲಿಲ್ಲ.

ಒಂದು ಪದ ಮಾತ್ರ ಉಳಿದಿದೆ. ಹೊಲದ ಬದುವಿನಲ್ಲಿ ನೀರು ಹಾಯಲು ಬಿಟ್ಟ ಸಂದಿಗೆ ಪರದೆಯ ಮೇಲೆ ಗಂಡಿ ಎಂದಿದೆ. ಕಂಡಿ ಎಂದೂ ಇದ್ದಿರಬಹುದು. ಆ ಕಡೆ ಎರಡನ್ನೂ ಕೇಳಿದ್ದೇನೆ. ಚೀಟಿಯಲ್ಲಿ ಆ ಅಕ್ಷರವಿದ್ದ ಮೂಲೆಯನ್ನು ಹುಳು ತಿಂದಿದೆ. ಹೇಳಿದಾಕೆ ಎರಡು ವರ್ಷದ ಕೆಳಗೆ ತೀರಿಕೊಂಡರು. ಅವರ ಸೊಸೆ ಅದೇ ಹೊಲದಲ್ಲಿ ಗೇಯುತ್ತಿದ್ದಾರಂತೆ. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಹೊರಟು ಕೇಳಿಕೊಂಡು ಬರಬೇಕೆಂದಿದ್ದೇನೆ.